ಸೊಸಿಗುಂಡು

ಗಾಳೆಮ್ಮ ಮದುವೆಯಾಗಿ ಬಂದ ವರ್ಷ, ಅವಳ ಗಂಡ ತೊಗಲು ಹೊಲಿದುಕೊಟ್ಟ ಹರಿಗೋಲಿನಿಂದ ಅವಳನ್ನು ನಡುಹೊಳೆಯ ಬಂಡೆಯ ಮೇಲೆ ಇಳಿಸಿ, ಉಳಿದವರು ಆಚೆ ದಂಡೆಗೆ ಹೋದರು.

ನಿಜಾಮನ ಕಾಲ ಅದು. ತುಂಗಭದ್ರೆಯ ಈಚೆ ದಂಡೆ ನಿಜಾಮನದು, ಆಚೆ ದಂಡೆ ಇಂಗ್ಲಿಷರದು. ಗಾಳೆಮ್ಮ ಕುಷ್ಟಗಿ ಕಡೆಯ ಹುಡುಗಿ. ಅಲ್ಲಿ ನೀರು ಅಂದರೆ ಬಾವಿ. ಬಾವಿಯ ಕಟ್ಟಳೆ ಏನೆಂಬುದನ್ನು ಮಾದರ ಕೇರಿಯ ಕೂಸು ನಡೆಯುವುದಕ್ಕಿಂತ ಮೊದಲೇ ಕಲಿತಿರುತ್ತದೆ. ಹೊಳೆಗೂ ಒಂದು ಕಟ್ಟಳೆ ಇದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಗಂಡ ಗಾದಿಲಿಂಗಪ್ಪ ತೊಗಲು ಹದ ಮಾಡುವ ತಂಗಡಿ ತೊಗಟೆ ತರಲು ಆಚೆ ಹೋಗಿದ್ದ. ಅವನಿಗೆ ಬುತ್ತಿ ಕಟ್ಟಿಕೊಂಡು, ತಲೆ ತುಂಬ ಸೆರಗು ಹೊದ್ದು, ಎಲ್ಲರ ಜೊತೆ ಹರಿಗೋಲು ಹತ್ತಿ ಕೂತಳು. ನಡುನೀರಿಗೆ ಬಂದಾಗ ಪಕ್ಕದಲ್ಲಿದ್ದ ಸಾವ್ಕಾರರ ಮನೆಯ ಯಜಮಾನಿ ಅಕ್ಕರೆಯಿಂದಲೇ ಕೇಳಿದಳು: “ಯಾರ ಮನಿ ಸೊಸಿಯವ್ವಾ ನೀ?”

ಗಾಳೆಮ್ಮ ನಾಚಿಕೊಂಡು ಗಂಡನ ಮನೆಯ ಗುರುತು ಹೇಳಿದಳು.

ಕೈಯಲ್ಲಿ ಬುತ್ತಿಗಂಟು ಹಿಡಿದು ಬಂಡೆಯ ಮೇಲೆ ಕೂತವಳು ಹೊತ್ತು ಇಳಿಯುವ ತನಕ ಕೂತೇ ಇದ್ದಳು. ಆಚೆ ದಂಡೆಯಿಂದ ಗಾದಿಲಿಂಗಪ್ಪ ನೋಡಿದ, ಈಜಿಕೊಂಡು ಬಂದ. ಇಬ್ಬರೂ ಬಂಡೆಯ ಮೇಲೇ ರೊಟ್ಟಿ ತಿಂದರು. ಸುತ್ತ ನೀರು ಗುಂಯ್ ಅನ್ನುತ್ತಿತ್ತು. ಆಚೆ ಗುಡ್ಡದ ಸಂದಿಯಲ್ಲಿ ಒಂದು ಗೋಪುರದ ತುದಿ ಸಂಜೆಯ ಬಿಸಿಲಿಗೆ ಕಾದ ಕಬ್ಬಿಣದ ಹಾಗೆ ಕೆಂಪಾಗಿತ್ತು.

“ಅದೇನದು?” ಅಂದಳು.

“ಅರಸರ ಊರು. ಹಾಳ ಬಿದ್ದೈತಿ.”

“ಹಾಳ ಬಿದ್ರೂ ಅಷ್ಟೆತ್ತರ ಐತಿ?”

“ಒಂದಿನ ಕರ್ಕೊಂಡ್ ಹೋಗಿ ತೋರಸ್ತೀನಿ” ಅಂದಿದ್ದ ಗಾದಿಲಿಂಗಪ್ಪ. ತೋರಿಸದೆ ಸತ್ತ. ಅದರಲ್ಲಿ ಅವನ ತಪ್ಪಿಲ್ಲ. ಕೇರಿಯವರು ಹೊಳೆ ದಾಟುವುದು ಊರವರೆಲ್ಲ ದಾಟಿ ಮುಗಿದ ಮೇಲೆ, ಕಡೆಯ ಖೇಪಿಗೆ. ಗಾಳೆಮ್ಮ ಆ ಖೇಪಿಗೂ ಹೋಗಲಿಲ್ಲ. “ಕುಂತಾಕಿನ್ನ ಕುಂತಂಗ ದಾಟಿಸಿದ್ರ ದಾಟ್ತೀನಿ. ಇಲ್ಲಾಂದ್ರ ಆ ಊರು ಅಲ್ಲೇ ಇರ್ಲಿ, ನಾ ಇಲ್ಲೇ ಇರ್ತೀನಿ” ಅಂದವಳು ಹಟ ಬಿಡಲಿಲ್ಲ. ಮಗ ಹುಟ್ಟಿದಾಗ ಆ ಊರಿನ ಹೆಸರು ಹಿಡಿದು ಹಂಪಣ್ಣ ಅಂತ ಹೆಸರಿಟ್ಟಳು. ದಿನಾ ಬೆಳಿಗ್ಗೆ ಗದ್ದೆ ಕೆಲಸಕ್ಕೆ ಹೋಗುವಾಗ ದಂಡೆಯಲ್ಲಿ ಒಂದು ಗಳಿಗೆ ನಿಂತು ಆ ಗೋಪುರದ ತುದಿ ನೋಡುವಳು. ಕಣ್ಣಿಗೆ ಇಷ್ಟು ಹತ್ತಿರ, ಕಾಲಿಗೆ ಅಷ್ಟು ದೂರ.

ಇದರ ನಡುವೆ ಆ ಬಂಡೆಗೆ ಒಂದು ಹೆಸರು ಬಂದಿತ್ತು: ಸೊಸಿಗುಂಡು. ಹೊಸದರಲ್ಲಿ ಜನ ನಗೆಚಾಟಿಕೆಗೆ ಇಟ್ಟ ಹೆಸರು. ನಕ್ಕವರು ಸತ್ತರು, ಹೆಸರು ಉಳಿಯಿತು, ಹೆಸರಿಗೊಂದು ಕಥೆ ಹುಟ್ಟಿತು. ತವರಿಗೆ ಹೊರಟ ಸೊಸೆಯೊಬ್ಬಳು ನಡುಹೊಳೆಯಲ್ಲಿ ಗಂಗವ್ವನಿಗೆ ಕೈಮುಗಿದು ಕಲ್ಲಾದಳಂತೆ. ಈಗ ಹರಿಗೋಲಿನಲ್ಲಿ ಹೋಗುವ ಹೆಂಗಸರು ಆ ಬಂಡೆಗೆ ಅರಿಷಿಣ ಕುಂಕುಮ ಎರಚಿ, ತಮ್ಮ ಸೊಸೆಯಂದಿರಿಗೆ ಮಕ್ಕಳಾಗಲಿ ಅಂತ ಬೇಡಿಕೊಳ್ಳುತ್ತಿದ್ದರು. ಕಲ್ಲಾದವಳಿಗೆ ಅರಿಷಿಣ. ಬದುಕಿದವಳಿಗೆ ಕೇರಿ.

ಎಮರ್ಜೆನ್ಸಿ ಮುಗಿದ ಮರುವರ್ಷ, ಸುಗ್ಗಿ ಆಗಿ ಹೊಳೆ ಇಳಿದಿದ್ದ ದಿನಗಳಲ್ಲಿ, ಅಂಬಿಗರ ವೆಂಕೋಬ ಹೊಸ ಹರಿಗೋಲು ಮಾಡಿಸಿದ. ಬಿದಿರಿನ ಬುಟ್ಟಿಯನ್ನು ಮೇದಾರರು ಹೆಣೆದು ಕೊಟ್ಟರು. ಅದಕ್ಕೆ ಎಮ್ಮೆಯ ತೊಗಲು ಹೊದಿಸಿ ಹೊಲಿಯಲು ಗಾದಿಲಿಂಗಪ್ಪ ಇರಲಿಲ್ಲ. ಬೇರೆ ಕಡೆ ಜನ ತಾಡಪತ್ರಿ, ಡಾಂಬರು ಅನ್ನತೊಡಗಿದ್ದರೂ ವೆಂಕೋಬನಿಗೆ ತೊಗಲೇ ಬೇಕು. ಗಾಳೆಮ್ಮನೇ ಆರಿ ಹಿಡಿದು, ತೊಗಲಿಗೆ ಸಾಲಾಗಿ ತೂತು ಹೊಡೆದು, ಬಾರು ಎಳೆದು ಹೊಲಿದಳು. ಗಂಡನ ಪಕ್ಕದಲ್ಲಿ ಕೂತು ಹೊಲಿದ ಕೈ ಅದು, ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ.

ಹೊಸ ಹರಿಗೋಲಿಗೆ ಒಂದು ಪದ್ಧತಿ ಇತ್ತು. ಹೊಲಿದವರೇ ಮೊದಲು ಅದರಲ್ಲಿ ಕೂತು ಆಳದ ನೀರಿಗೆ ಹೋಗಿಬರಬೇಕು. ಹೊಲಿಗೆ ಬಿಟ್ಟರೆ ಹೊಲಿದವರೇ ಮುಳುಗಬೇಕು. ಬಿಡದಿದ್ದರೆ ದಂಡೆಗೆ ತಂದು ಕಾಯಿ ಒಡೆದು, ಅರಿಷಿಣ ಕುಂಕುಮ ಹಚ್ಚಿ ಪೂಜೆ ಮಾಡುವರು. ಪೂಜೆ ಆಯಿತೆಂದರೆ ಆ ಹರಿಗೋಲು ಊರಿನದು. ಹೊಲಿದವರು ಆಮೇಲೆ ಊರವರ ಜೊತೆ ಅದರಲ್ಲಿ ಕಾಲಿಡುವಂತಿಲ್ಲ.

ಹಂಪಣ್ಣ ಗಂಗಾವತಿಯಲ್ಲಿ ಒಂದು ಸರ್ಕಾರಿ ಕಚೇರಿಯ ಜವಾನ. ಭಾನುವಾರಕ್ಕೊಮ್ಮೆ ಒಬ್ಬ ದರ್ಜಿಯ ಅಂಗಡಿಯಲ್ಲಿ ಕೆಲವರು ಕೂಡುತ್ತಿದ್ದರು. ಒಬ್ಬ ಗಟ್ಟಿಯಾಗಿ ಪುಸ್ತಕ ಓದುವನು, ಉಳಿದವರು ಕೇಳಿ ಜಗಳಾಡುವರು. ಅಲ್ಲಿ ಕೂತೂ ಕೂತೂ ಹಂಪಣ್ಣನಿಗೆ ಒಂದು ಚಾಳಿ ಅಂಟಿತ್ತು. ಯಾವ ಪದ್ಧತಿ ಕಂಡರೂ ಅದನ್ನು ಬೋರಲು ಹಾಕಿ ತಳ ನೋಡುವುದು.

“ವೆಂಕೋಬಣ್ಣ, ಹೊಲಿದಾಕಿ ಆಳದ ತನಕ ಹೋಗಿಬರಬೇಕು, ಹೌದಿಲ್ಲೋ?” ಅಂದ, ಹೊಲಿಗೆ ಮುಗಿದ ದಿನ ಮನೆಗೆ ಬಂದ ವೆಂಕೋಬನಿಗೆ.

“ಹೌದಪಾ.”

“ಆಳ ಎಲ್ಲಿಗೆ ಮುಗೀತೈತಿ?”

ವೆಂಕೋಬ ತಲೆ ಕೆರೆದುಕೊಂಡ. “ಆಚೆ ದಂಡಿಗೆ.”

“ಹಂಗಾರ ಅಲ್ಲೀ ತನಕ ಹೋಗೂನು. ಪೂಜಿ ಆಗೂತನಕ ಹರಗೋಲ ನಮ್ಮವ್ವಂದು.”

ಹಂಪಣ್ಣನ ಹೆಂಡತಿ ಯಮನೂರಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. “ಮುಳುಗೂದಕ್ಕ ನಾವು ಮೊದಲು, ದಾಟೂದಕ್ಕ ನಾವು ಕಡೀಕ. ಈ ಸಲ ಎರಡೂ ಒಂದ ದಿನ ಮಾಡೂನಲ್ಲ ಮತ್ತ!” ಅಂದಳು.

ವೆಂಕೋಬ ನಗಲಿಲ್ಲ. ಗಾಳೆಮ್ಮನನ್ನು ಬಂಡೆಯ ಮೇಲೆ ಇಳಿಸಿದ ದಿನ ಹುಟ್ಟು ಹಾಕುತ್ತಿದ್ದವನು ಅವನ ಅಪ್ಪ. ಅಪ್ಪ ಅದನ್ನು ಮನೆಯಲ್ಲಿ ಒಮ್ಮೆಯೂ ಆಡಿರಲಿಲ್ಲ, ಆದರೆ ಆ ಬಂಡೆಯ ಪಕ್ಕ ಹೋಗುವಾಗ ಮುಖ ತಿರುಗಿಸುತ್ತಿದ್ದ. “ನಾಳಿ ನಸುಕಿಗೆ ಬರ್ರಿ” ಅಂದ ವೆಂಕೋಬ. “ಸಂಜೀಕ ಕರ್ಕೊಂಡ್ ಬರ್ತೀನಿ. ನಾಡದ ಪೂಜಿ.”

ಗಾಳೆಮ್ಮ ಮಾತ್ರ ಹೂಂ ಅನ್ನಲಿಲ್ಲ. ಮೂಲೆಯಲ್ಲಿ ಕೂತು ಆರಿಯ ತುದಿಗೆ ಎಣ್ಣೆ ಸವರುತ್ತಿದ್ದವಳು ತಲೆ ಎತ್ತದೆ ಕೇಳಿದಳು: “ನಡುವ ಇಳಸಂಗಿಲ್ಲಲಾ?”

“ಇಲ್ಲ ಗಾಳೆವ್ವ.”

“ಹೋಗಾಗೂ, ಬರಾಗೂ?”

“ಬರಾಗೂ.”

ಮರುದಿನ ನಸುಕಿಗೆ ಹೊಳೆಯ ಮೇಲೆ ಹೊಗೆಯಂಥ ಮಂಜು ಇತ್ತು. ಗಾಳೆಮ್ಮ ಹರಿಗೋಲಿನ ನಟ್ಟನಡುವೆ, ತಾನು ಹೊಲಿದ ಹೊಲಿಗೆಯ ಮೇಲೆ ಅಂಗೈ ಊರಿ ಕೂತಳು. ಹರಿಗೋಲು ಮೊದಲು ಒಂದು ಸುತ್ತು ತಿರುಗಿತು, ಯಮನೂರಮ್ಮ ಅತ್ತೆಯ ರಟ್ಟೆ ಹಿಡಿದು “ಯವ್ವೋ!” ಅಂತ ಚೀರಿ, ಆಮೇಲೆ ನಕ್ಕಳು. ತೊಗಲಿನ ಕೆಳಗೆ ನೀರು ಜೀವಂತ ದನದ ಹೊಟ್ಟೆಯ ಹಾಗೆ ಅಲುಗುತ್ತಿತ್ತು. ಒಂದು ಹನಿ ಒಳಗೆ ಬರಲಿಲ್ಲ. ಸೊಸಿಗುಂಡು ಮಂಜಿನಿಂದ ಎದ್ದು ಬಂತು. ಅದರ ನೆತ್ತಿಯ ತುಂಬ ಹಳೆಯ ಅರಿಷಿಣ, ಕುಂಕುಮ. ಗಾಳೆಮ್ಮ ಅದನ್ನು ನೋಡಲಿಲ್ಲ. ಬಂಡೆ ಹಿಂದಾಯಿತು. ಬಂಡೆಯ ಆಚೆಗಿನ ನೀರಿನ ಮೇಲೆ ಅವಳು ಹೋಗುತ್ತಿದ್ದುದು ಜನ್ಮದಲ್ಲಿ ಅದೇ ಮೊದಲು.

ಆಚೆ ದಂಡೆಯ ಮರಳಿಗೆ ಕಾಲಿಟ್ಟು, ತಿರುಗಿ ತನ್ನೂರನ್ನು ನೋಡಿದಳು. “ನಮ್ಮೂರು ಇಷ್ಟ ಸಣ್ಣದೈತೇನೋ?” ಅಂದಳು.

“ಇಲ್ಲಿ ರಾಯಚೂರು ಜಿಲ್ಲಾ ಮುಗೀತವ್ವಾ. ಇದು ಬಳ್ಳಾರಿ ಜಿಲ್ಲಾ” ಅಂದ ಹಂಪಣ್ಣ.

“ಮಣ್ಣು ಅದ ಐತಲ್ಲೋ.”

ಹಾದಿ ಬಂಡೆಗಳ ನಡುವೆ ಹೊರಟಿತು. ಬಂಡೆ ಅಂದರೆ ಎಂಥ ಬಂಡೆ! ಆನೆಯಷ್ಟು, ಮನೆಯಷ್ಟು, ಒಂದರ ಮೇಲೊಂದು, ಒಂದು ತುದಿಗಾಲಲ್ಲಿ ನಿಂತ ಹಾಗೆ. ಈಗ ಬಿದ್ದೀತು ಅನ್ನಿಸುವಂಥವು, ಯಾವ ಕಾಲದಿಂದಲೋ ಬೀಳದೆ ನಿಂತಿದ್ದವು. ಗಾಳೆಮ್ಮ ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ನಡೆಯುತ್ತಿದ್ದಳು. ಊರೊಳಗೆ ಹಾಗೆ ನಡೆದೂ ನಡೆದೂ ಆದ ರೂಢಿ. “ಕಾಲಾಗ ಹಾಕೊಳತ್ತಿ, ಈ ಬಂಡಿಗಳು ಏನೂ ಅನ್ನಂಗಿಲ್ಲ” ಅಂದಳು ಯಮನೂರಮ್ಮ. ಗಾಳೆಮ್ಮ ಹಾಕಿಕೊಂಡಳು. ನಾಲ್ಕು ಹೆಜ್ಜೆ ನಡೆದು ಹಿಂದೆ ಮುಂದೆ ನೋಡಿದಳು. ಯಾರೂ ಇರಲಿಲ್ಲ.

ಹಾದಿಯ ಮೇಲೇ ಒಂದು ಹೆಬ್ಬಾಗಿಲು ಎದುರಾಯಿತು. ಕದ ಇರಲಿಲ್ಲ, ಕಾವಲು ಇರಲಿಲ್ಲ. ಆದರೂ ಮೂವರೂ ನಿಂತರು. ಅಷ್ಟು ಎತ್ತರದ ಬಾಗಿಲಿನಿಂದ ಒಳಗೆ ಹೋಗುವುದು ಹೇಗೆಂದು ಅವರ ಮೈಗೆ ಗೊತ್ತಿರಲಿಲ್ಲ. ಕೇರಿಯ ಮನೆಗೆ ಬಗ್ಗಿ ಹೊಗಬೇಕು, ಸಾವ್ಕಾರರ ಮನೆಗೆ ಹಿತ್ತಲಿಂದ ಹೋಗಬೇಕು. ಇಲ್ಲಿ ಬಗ್ಗುವುದಕ್ಕೆ ಕಾರಣವೇ ಇರಲಿಲ್ಲ. ಗಾಳೆಮ್ಮ ನೆಟ್ಟಗೆ ನಡೆದಳು. ದಾಟಿದ ಮೇಲೆ ಉಸಿರು ಬಿಟ್ಟಳು.

ಬಾಳೆಯ ತೋಟಗಳು ಬಂದವು, ತೋಟದ ಮಗ್ಗುಲಿಗೆ ಒಂದು ಕಾಲುವೆ. ಅರಸರ ಕಾಲದಲ್ಲಿ ತೋಡಿದ್ದೆಂದು ಹಂಪಣ್ಣ ಹೇಳಿದ. ಗಾಳೆಮ್ಮ ಬಗ್ಗಿ ನೀರು ಮುಟ್ಟಿದಳು. “ಅರಸರು ಹೋದ್ರು, ನೀರು ಇನ್ನೂ ಹೊಂಟೈತಿ?” ಅಂದಳು. ಮೊಣಕೈ ತನಕ ಕೈ ಅದ್ದಿ ಬಹಳ ಹೊತ್ತು ಹಾಗೇ ಕೂತಿದ್ದಳು. ಈ ನೀರನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಅಂತ ಹೇಳುವವರು ಅಲ್ಲಿ ಯಾರೂ ಕಾಣಲಿಲ್ಲ.

ಮುಂದೆ ಒಂದು ಬಂಡೆಯ ಹತ್ತಿರ ಅವಳು ಗಕ್ಕನೆ ನಿಂತಳು. ಬಂಡೆ ಎರಡು ಹೋಳಾಗಿತ್ತು. ಸೀಳಿದ ಅಂಚಿನುದ್ದಕ್ಕೂ ಸಾಲಾಗಿ ತೂತುಗಳು, ಒಂದೇ ಅಳತೆ, ಒಂದೇ ಅಂತರ. ಅವಳು ಪ್ರತಿ ತೂತಿಗೂ ಬೆರಳಿಡುತ್ತ ಹೋದಳು.

“ಹಂಪಣ್ಣ, ಇಲ್ಲಿ ನೋಡಿಲ್ಲಿ. ಬಂಡಿಗೂ ಆರಿ ಹೊಡದಾರ!”

“ಕಲ್ಲು ಸೀಳಾಕ ಹಂಗ ತೂತು ಹೊಡೀತಿದ್ರವ್ವಾ.”

“ಹೊಡದ ಕೈ ನೋಡೋ. ಒಂದೂ ಸೊಟ್ಟ ಇಲ್ಲ.” ಅವಳ ಕಣ್ಣು ಹೊಳೆಯುತ್ತಿದ್ದವು. ಊರು ಕಟ್ಟಿದ ಅರಸನ ಹೆಸರನ್ನು ಮಗ ಎರಡು ಸಲ ಹೇಳಿದ್ದ, ಅವಳು ಎರಡು ಸಲವೂ ಮರೆತಿದ್ದಳು. ಈ ತೂತು ಹೊಡೆದವನ ಹೆಸರನ್ನು ಹೇಳಿದ್ದರೆ ಸಾಯುವ ತನಕ ನೆನಪಿಡುತ್ತಿದ್ದಳು. ಅದನ್ನು ಹೇಳುವವರೇ ಇಲ್ಲ.

ನೆತ್ತಿಗೆ ಬಿಸಿಲೇರುವ ಹೊತ್ತಿಗೆ ಒಂದು ಬಯಲಿಗೆ ಬಂದರು. ಬಯಲಿನ ತುದಿಗೆ ಉದ್ದನೆಯ ಕಟ್ಟಡ. ಸಾಲು ಸಾಲು ಕಮಾನಿನ ಬಾಗಿಲು, ಪ್ರತಿ ಬಾಗಿಲ ಮೇಲೂ ಒಂದೊಂದು ಗುಮ್ಮಟ, ನಡುವೆ ಒಂದು ಮಂಟಪ. ಗಾಳೆಮ್ಮ ಸೆರಗನ್ನು ತಲೆಗೆಳೆದುಕೊಂಡಳು. ಇಷ್ಟು ದೊಡ್ಡ ದೇವರ ಗುಡಿಯನ್ನು ಅವಳು ನೋಡಿರಲಿಲ್ಲ. ಹುಲಿಗಿಯಲ್ಲಿ ಅಮ್ಮನ ಗುಡಿಯನ್ನು ದೂರದಿಂದ ನೋಡಿದ್ದಳು. ಇದು ಎಷ್ಟು ದೇವರು ಒಟ್ಟಿಗೆ ಇರುವ ಗುಡಿಯೋ! ಮೂವರೂ ಚಪ್ಪಲಿ ಬಿಟ್ಟರು. ಎಲ್ಲಿ ತನಕ ಹೋಗಬಹುದೆಂದು ತಿಳಿಯದೆ, ಅಂಗಳದಲ್ಲೇ, ಸುಡುವ ನೆಲದ ಮೇಲೆ ಬರಿಗಾಲಲ್ಲಿ ಕೈಮುಗಿದು ನಿಂತರು. ಪುಸ್ತಕ ಓದಿಸಿಕೊಂಡು ಕೇಳಿದ ಹಂಪಣ್ಣನೂ ನಿಂತ. ಬುದ್ಧಿ ಕೇಳುವ ಮೊದಲೇ ಅವನ ಕಾಲು ಹೊರಗೆ ನಿಂತುಬಿಟ್ಟಿತ್ತು.

ಮರದ ನೆರಳಿನಲ್ಲಿ ಕೂತಿದ್ದ ಕಾವಲುಗಾರ ಕಾಸೀಮಸಾಬ ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ಬಂದ. “ಯಾಕವ್ವಾ, ಬಿಸಲಾಗ ಸುಟ್ಕೊಂಡು ನಿಂತೀರಿ?”

“ಬಾಗಲಾ ತಗದಾವಲ್ರೀ ಸಾಹೇಬ್ರ, ಪೂಜಾರಿ ಇಲ್ಲೇನು?” ಅಂದಳು ಗಾಳೆಮ್ಮ. “ನಾವು ಇಲ್ಲಿಂದನ ಕೈ ಮುಗದು ಹೋಗ್ತೀವ್ರಿ.”

“ಯಾರಿಗೆ ಕೈ ಮುಗೀತೀರಿ? ಇದು ಗುಡಿ ಅಲ್ಲವ್ವಾ. ಇಲ್ಲಿ ಆನಿ ಕಟ್ತಿದ್ರು.”

ಗಾಳೆಮ್ಮನ ಮುಗಿದ ಕೈ ನಿಧಾನಕ್ಕೆ ಬಿಚ್ಚಿಕೊಂಡವು.

“ಆನಿ?”

“ಹೂಂನವ್ವಾ. ಅರಸರ ಆನಿ. ಒಂದೊಂದಕ್ಕ ಒಂದೊಂದು ಖೋಲಿ.”

ಯಮನೂರಮ್ಮ ಮೊದಲು ನಕ್ಕಳು. ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. “ಅತ್ತಿ, ಆನಿ ಲದ್ದಿ ಹಾಕೋ ಜಾಗಾಕ್ಕ ಕೈ ಮುಗದ್ವಿ! ನಮ್ಮೂರಾಗ ನಮ್ಮಂಥಾ ಮನಷ್ಯಾರು ಹೋಗಬಾರದ ಜಾಗ ಹೊರಗಿಂದ ನೋಡಿದ್ರ ಹಿಂಗ ಇರ್ತಾವಲ್ಲ, ನಾ ಏನ್ ಮಾಡ್ಲಿ?” ನಗು ಎಲ್ಲೋ ನಡುವೆ ಮುರಿದು ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಕಾಸೀಮಸಾಬ ತಲೆ ತಗ್ಗಿಸಿದ. ಏನೋ ಗೊತ್ತಾಗಿರಬೇಕು. “ಬರ್ರಿ ಒಳಗ, ತಂಪೈತಿ. ಚಪ್ಪಲಿ ಹಾಕ್ಕೊಂಡ ಬರ್ರಿ” ಅಂದ.

ಗಾಳೆಮ್ಮ ಒಳಗೆ ಹೋದಳು.

ಹೊರಗಿನ ಬಿಸಿಲು ಬಾಗಿಲಲ್ಲೇ ನಿಂತಿತು. ಒಳಗೆ ನೆಲ ತಂಪು, ಗಾಳಿ ತಂಪು, ಕತ್ತಲೆಯೂ ತಂಪು. ತಲೆ ಎತ್ತಿದಳು. ಮೇಲೆ ಗುಮ್ಮಟ ತಿರುಗುತ್ತ ತಿರುಗುತ್ತ ಏರಿ ಎಲ್ಲೋ ಒಂದೇ ಬಿಂದುವಿಗೆ ಕೂಡಿಕೊಂಡಿತ್ತು. ಕಂಬವಿಲ್ಲ, ತೊಲೆಯಿಲ್ಲ. ಆಕಾಶವನ್ನು ಬುಟ್ಟಿ ಹೆಣೆದು ಬೋರಲು ಹಾಕಿದ ಹಾಗೆ, ದಂಡೆಯ ಮೇಲೆ ತಾನು ಹೊಲಿಯಲು ಬೋರಲು ಹಾಕಿಕೊಂಡಿದ್ದ ಹರಿಗೋಲಿನ ಹೊಟ್ಟೆಯ ಹಾಗೆ. “ಯಪ್ಪಾ!” ಅಂದಳು. ಗುಮ್ಮಟ ಆ ಮಾತನ್ನು ತೆಗೆದುಕೊಂಡು, ಸುತ್ತು ತಿರುಗಿಸಿ, ಇನ್ನಷ್ಟು ದೊಡ್ಡದು ಮಾಡಿ ಅವಳಿಗೇ ವಾಪಸು ಕೊಟ್ಟಿತು. ಅವಳ ದನಿಗೆ ಅಷ್ಟು ದೊಡ್ಡ ಜಾಗ ಎಂದೂ ಸಿಕ್ಕಿರಲಿಲ್ಲ. ಇನ್ನೊಮ್ಮೆ ಅಂದಳು. ಆಮೇಲೆ, ಯಾರಿಗೂ ಕೇಳಿಸಬಾರದೆಂಬಂತೆ ಮೆಲ್ಲಗೆ, “ಗಾಳೆಮ್ಮ” ಅಂದಳು. ಗುಮ್ಮಟ ಅದನ್ನೂ ಹೇಳಿತು.

ಹೊರಗೆ ಬಂದವಳು ಬದಲಾಗಿದ್ದಳು ಅಂತ ಬರೆದರೆ ಸುಳ್ಳಾದೀತು. ಅವಳು ಅದೇ ಗಾಳೆಮ್ಮ. ಆದರೆ ಅಲ್ಲಿಂದ ಮುಂದೆ ಯಾವ ಕಟ್ಟಡ ಸಿಕ್ಕರೂ ಹೊರಗೆ ನಿಲ್ಲಲಿಲ್ಲ. “ಇದ್ರಾಗ ಯಾರಿದ್ರು?” ಅಂತ ಕೇಳುವಳು. ಗೊತ್ತಿಲ್ಲ ಅಂದರೂ ಒಳಗೆ ಹೋಗುವಳು. ಅರಸಿಯರು ಮೀಯುತ್ತಿದ್ದ ಹೊಂಡದ ಕಟ್ಟೆಯ ಮೇಲೆ ಕೂತಳು. ಕಮಾನಿನಿಂದ ಕಮಾನಿಗೆ ಕೂಸಿನ ಹಾಗೆ ಓಡಾಡಿದಳು. ಗೋಡೆಯ ಮೇಲಿನ ಕಲ್ಲಿನ ಕುದುರೆಗಳ ಲಗಾಮು ಮುಟ್ಟಿ ನೋಡಿ, “ತೊಗಲಿನ ಬಾರು, ಯಮನೂರಿ. ನೋಡು, ಗಂಟು ಹೆಂಗ ಹಾಕ್ಯಾನ” ಅಂದಳು. ಯಮನೂರಮ್ಮನಿಗೆ ಕಾಲು ನೋಯುತ್ತಿತ್ತು. “ಅತ್ತಿ, ಅರಸರ ಕುದ್ರೀನೂ ಇಷ್ಟು ಓಡಿರಂಗಿಲ್ಲ ಬಿಡು” ಅಂದಳು.

ಹಸಿವಾಗಿತ್ತು. ಹಾದಿಯ ಪಕ್ಕದಲ್ಲಿ ಒಂದು ಒಣ ಕಾಲುವೆ, ಕಾಲುವೆಯ ಎರಡೂ ಬದಿಗೆ ನೆಲದ ಮೇಲೆ ಸಾಲಾಗಿ ಕಲ್ಲಿನ ಗಂಗಾಳಗಳು. ಅನ್ನಕ್ಕೊಂದು ತಗ್ಗು, ಪಲ್ಯಕ್ಕೆ ಸಣ್ಣ ಸಣ್ಣ ತಗ್ಗು, ಎಲ್ಲಾ ಕಲ್ಲಿನಲ್ಲೇ ಕಡೆದದ್ದು. ಒಮ್ಮೆ ಇಲ್ಲಿ ಪಂಕ್ತಿ ಕೂರುತ್ತಿದ್ದರಂತೆ, ಉಂಡವರು ಈ ಕಾಲುವೆಯ ನೀರಲ್ಲೇ ಕೈ ತೊಳೆಯುತ್ತಿದ್ದರಂತೆ. ಜನ ಹಾಗನ್ನುತ್ತಾರೆ, ಖರೆ ಯಾರಿಗೆ ಗೊತ್ತು ಅಂತ ಕಾಸೀಮಸಾಬ ಹೇಳಿ ಕಳಿಸಿದ್ದ. ಗಾಳೆಮ್ಮ ಒಂದು ಗಂಗಾಳದ ಮುಂದೆ ಕೂತು, ಸೆರಗಿನಿಂದ ಅದರ ಧೂಳು ಒರೆಸಿ, ಜೋಳದ ರೊಟ್ಟಿ ಇಟ್ಟಳು. ಒಂದು ತಗ್ಗಿಗೆ ಪುಂಡಿಪಲ್ಯ, ಇನ್ನೊಂದಕ್ಕೆ ಶೇಂಗಾದ ಹಿಂಡಿ.

“ಕುಂದ್ರಿ. ಸಾಲು ಹಿಡದು ಕುಂದ್ರಿ” ಅಂದಳು, ಮದುವೆ ಮನೆಯ ಯಜಮಾನಿಯ ಹಾಗೆ.

ಊರಿನ ಮದುವೆಗಳಲ್ಲಿ ಅವಳು ಉಂಡಿದ್ದು ಹಿತ್ತಲಿನಲ್ಲಿ, ಸೆರಗೊಡ್ಡಿ. ಹಂಪಣ್ಣ ಕೂತ, ಆದರೆ ಅವನಿಗೆ ತುತ್ತು ಇಳಿಯಲಿಲ್ಲ. “ಆ ಕಾಲಕ್ಕೂ ನಮ್ಮವರನ್ನ ಈ ಸಾಲಿನಾಗ ಕುಂದ್ರಿಸಿರಂಗಿಲ್ಲವ್ವಾ” ಅಂದ. “ಅರಸರು ಅಂದ್ರ ಏನು, ಅವರೂ ನಮ್ಮೂರ ಸಾವ್ಕಾರ್ರಂಗ.”

“ಕುಂದ್ರಿಸಿರಂಗಿಲ್ಲ ಬಿಡು.” ಗಾಳೆಮ್ಮ ರೊಟ್ಟಿ ಮುರಿದಳು. “ಆದ್ರ ಈ ಗಂಗಾಳ ಕಡದವನು ಯಾರು? ನಿಮ್ಮಪ್ಪನಂಥವನ. ಕಡದಾದ ಮ್ಯಾಲ ಅವ ಇಲ್ಲಿ ಕುಂತು ನೋಡಿರ್ತಾನ, ಕೈ ಎಟುಕತೈತೋ ಇಲ್ಲೋ, ತಗ್ಗು ಸಾಕೋ ಇಲ್ಲೋ ಅಂತ. ಯಾವ ಅರಸ ಬಂದು ಕುಂದ್ರೂಕಿಂತ ಮೊದಲ ಕುಂತಿರ್ತಾನ. ನಾ ಹರಗೋಲದಾಗ ಕುಂತಂಗ.”

ಹಂಪಣ್ಣ ಅವ್ವನ ಮುಖ ನೋಡಿದ. ಭಾನುವಾರದ ಅಂಗಡಿಯಲ್ಲಿ ಹೇಳಬೇಕಾದ ಮಾತು ಅನ್ನಿಸಿತು. ತುತ್ತು ಬಾಯಿಗಿಟ್ಟ. ಮೂವರೂ ಹೊಟ್ಟೆ ತುಂಬ ಉಂಡರು.

ಸಂಜೆ ಹೊಳೆಗೆ ಬಂದಾಗ ವೆಂಕೋಬ ಹೇಳಿದ ಜಾಗದಲ್ಲೇ ಕಾಯುತ್ತಿದ್ದ. ಮೂವರೂ ಹತ್ತಿ ಕೂತರು. ಅಷ್ಟರಲ್ಲಿ ಮರಳಿನ ಮೇಲಿಂದ “ಏ ವೆಂಕೋಬಾ, ತಡಿ!” ಅನ್ನುವ ಕೂಗು. ಊರಿನ ಸಾವ್ಕಾರ ದೊಡ್ಡಬಸಪ್ಪ, ಹೆಂಡತಿ ಪಾರ್ವತೆಮ್ಮನ ಜೊತೆ ಹೊಸಪೇಟೆಯಿಂದ ಬರುತ್ತಿದ್ದರು. ಅವರ ಗದ್ದೆಯಲ್ಲೇ ಯಮನೂರಮ್ಮ ನಾಟಿಗೆ ಹೋಗುವುದು. ಗಾಳೆಮ್ಮನನ್ನು ಹರಿಗೋಲಿನಿಂದ ಇಳಿಸಿದ ಯಜಮಾನಿ ದೊಡ್ಡಬಸಪ್ಪನ ತಾಯಿ. ಅವಳು ತೀರಿ ಎಷ್ಟೋ ಕಾಲವಾಗಿತ್ತು.

ದೊಡ್ಡಬಸಪ್ಪ ಹತ್ತಿರ ಬಂದು, ಕೂತವರನ್ನು ನೋಡಿ, ನಿಂತ.

“ಇದಕ್ಕಿನ್ನೂ ಪೂಜಿ ಆಗಿಲ್ರಿ, ಸಾವ್ಕಾರ್ರ” ಅಂದ ವೆಂಕೋಬ. “ಹಳೇ ಹರಗೋಲ ಆ ದಂಡ್ಯಾಗ ಐತಿ. ಇವರನ್ನ ಬಿಟ್ಟು ತರ್ತೀನ್ರಿ.”

“ಕತ್ತಲಾಗತೈತಿ. ಪೂಜಿ ಏನ ಮಹಾ?” ದೊಡ್ಡಬಸಪ್ಪ ಸಿಟ್ಟಿನ ಮನುಷ್ಯನಲ್ಲ. ಎಲ್ಲದಕ್ಕೂ ಒಂದು ಹಾದಿ ಹುಡುಕುವವನು. ಪಾರ್ವತೆಮ್ಮನ ಚೀಲದಲ್ಲಿ ಕಾಯಿ ಇತ್ತು, ಅರಿಷಿಣ ಕುಂಕುಮ ಇತ್ತು. ಅಲ್ಲೇ ಕಾಯಿ ಒಡೆಸಿ, ಹರಿಗೋಲಿನ ಅಂಚಿಗೆ ಕುಂಕುಮ ಹಚ್ಚಿಸಿ, ನೀರಿಗೆ ಕೈಮುಗಿದು, “ಆತಲ್ಲ?” ಅಂದ.

“ಆತ್ರಿ. ಹಂಗಾರ...” ವೆಂಕೋಬನ ದನಿ ಸಣ್ಣದಾಯಿತು. ಪೂಜೆ ಆದ ಮೇಲೆ ಏನು ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ಹಂಪಣ್ಣ ಎದ್ದು ನಿಂತ. “ಸಾವ್ಕಾರ್ರ, ಇದಕ್ಕ ಈಗ ಕಾನೂನು ಐತ್ರಿ. ಇಳೀರಿ ಅನ್ನಂಗಿಲ್ಲ.”

“ಯಾರಂದ್ರು ಇಳೀರಿ ಅಂತ? ಕುಂದ್ರು ತಮ್ಮಾ, ಕುಂದ್ರು. ಹರಗೋಲ ಅಳ್ಳಾಡತೈತಿ.” ದೊಡ್ಡಬಸಪ್ಪ ನಗುತ್ತ ಹೆಂಡತಿಯ ಜೊತೆ ಹತ್ತಿ ಕೂತ. “ನಾ ಹೊಸಪ್ಯಾಟಿ ಹೋಟ್ಲದಾಗ ಎಲ್ಲಾರ ಮಗ್ಗಲಕ್ಕ ಕುಂತು ಚಹಾ ಕುಡೀತೀನಿ. ಈ ದಂಡಿಗೆ ನನಗೇನೂ ಇಲ್ಲ. ಆ ದಂಡಿಗೆ ಮಂದಿ ನಿಂತಿರ್ತಾರ, ನೋಡ್ತಾರ, ನಾಕ ಮಾತು ಅಂತಾರ. ಒಂದ ಕೆಲಸ ಮಾಡ್ರಿ. ಸೊಸಿಗುಂಡಿನ ತನಕ ಕೂಡೇ ಬರ್ರಿ. ಅಲ್ಲಿ ಒಂದ ಗಳಿಗಿ ಇಳೀರಿ. ವೆಂಕೋಬ ನಮ್ಮನ್ನ ಬಿಟ್ಟು ಬಂದು ನಿಮ್ಮನ್ನ ಕರ್ಕೊಂಡ್ ಹೋಗ್ತಾನ. ನಿಮಗೂ ಆತು, ನಮಗೂ ಆತು.”

ಎಷ್ಟು ಮೆತ್ತಗಿನ ಮಾತು! ಕಾನೂನಿಗೆ ಅದರಲ್ಲಿ ಹಿಡಿದೆಳೆಯಲು ಒಂದು ಎಳೆಯೂ ಸಿಗಲಿಲ್ಲ. ಹಂಪಣ್ಣ ಕೂತ. ಯಮನೂರಮ್ಮ ಅತ್ತೆಯನ್ನು ನೋಡಿದಳು. ವೆಂಕೋಬ ಹುಟ್ಟು ಹಾಕಿದ. ಗಾಳೆಮ್ಮ ಬೆಳಿಗ್ಗೆಯ ಹಾಗೇ, ಹೊಲಿಗೆಯ ಮೇಲೆ ಅಂಗೈ ಊರಿಕೊಂಡು, ಹಿಂದೆ ಉಳಿಯುತ್ತಿದ್ದ ದಂಡೆಯನ್ನು ನೋಡುತ್ತಿದ್ದಳು.

ಹೊಳೆಯ ತುಂಬ ಸೂರ್ಯ ಕರಗಿ ಹರಿಯುತ್ತಿತ್ತು. ಬಂಡೆಗಳು ಒಳಗಿಂದ ದೀಪ ಹಚ್ಚಿದ ಹಾಗೆ ಉರಿಯುತ್ತಿದ್ದವು. ಗೋಪುರದ ತುದಿ ಅಂದಿನ ಹಾಗೇ ಕೆಂಪಾಗಿತ್ತು. ಇಷ್ಟು ವರ್ಷ ಅದು ಅಲ್ಲಿತ್ತು, ಅವಳು ಇಲ್ಲಿದ್ದಳು. ಈಗ ಅದರ ಕೆಳಗೆ ಏನಿದೆಯೆಂದು ಅವಳಿಗೆ ಗೊತ್ತಿತ್ತು. ತಂಪು ನೆಲ ಗೊತ್ತಿತ್ತು, ಹರಿಯುವ ಕಾಲುವೆ ಗೊತ್ತಿತ್ತು, ತನ್ನ ಹೆಸರು ಹೇಳುವ ಗುಮ್ಮಟ ಗೊತ್ತಿತ್ತು.

ಸೊಸಿಗುಂಡು ಬಂತು. ಪಾರ್ವತೆಮ್ಮ ಚೀಲಕ್ಕೆ ಕೈ ಹಾಕಿ ಅರಿಷಿಣ ತೆಗೆದು ಬಂಡೆಗೆ ಎರಚಿದಳು. “ತಾಯಿ, ನನ್ನ ಸೊಸಿ ಹೊಟ್ಟಿಗೊಂದು ಕೂಸು ಕೊಡು” ಅಂತ ಕಣ್ಣು ಮುಚ್ಚಿ ಬೇಡಿಕೊಂಡಳು. ಆಮೇಲೆ ಗಾಳೆಮ್ಮನ ಕಡೆ ತಿರುಗಿ, “ಭಾಳ ಖಡಕ್ ದೇವರಂತವ್ವಾ ಇದು. ನೀನೂ ಇಳದ ಮ್ಯಾಲ ಕೈ ಮುಗಿ” ಅಂದಳು. ಅದರಲ್ಲಿ ಕೆಟ್ಟದ್ದು ಏನೂ ಇರಲಿಲ್ಲ.

ವೆಂಕೋಬ ಹುಟ್ಟನ್ನು ಬಂಡೆಗೆ ಊರಿ ಹರಿಗೋಲು ನಿಲ್ಲಿಸಿದ. ಅವನ ಮುಖ ತಿರುಗಿತ್ತು, ಅವನ ಅಪ್ಪನ ಮುಖ ತಿರುಗುತ್ತಿದ್ದ ಹಾಗೆ. “ಇಳಿ ಗಾಳೆವ್ವ” ಅಂದ.

ಹಂಪಣ್ಣ ಎದ್ದು ಅವ್ವನ ಭುಜ ಮುಟ್ಟಿದ. “ಅವ್ವಾ...”

“ಕುಂದ್ರೋ ನೀ” ಅಂದಳು ಗಾಳೆಮ್ಮ. ಪಾರ್ವತೆಮ್ಮನ ಅರಿಷಿಣದ ಕೈ ನೋಡಿದಳು. “ತಾಯಿ, ಆ ಗುಂಡಿನ ಮ್ಯಾಲ ಕುಂತ ಸೊಸಿ ನಾನ. ನಿಮ್ಮತ್ತಿ ಇಳಿಸಿದ್ರು. ಕಲ್ಲಾಗಿಲ್ಲ. ನೋಡ್ರಿ, ನಿಮ್ಮ ಮಗ್ಗಲಕ್ಕ ಕುಂತೀನಿ.”

ಪಾರ್ವತೆಮ್ಮನ ಕೈ ಗಾಳಿಯಲ್ಲೇ ನಿಂತಿತು.

“ವೆಂಕೋಬ,” ದೊಡ್ಡಬಸಪ್ಪನ ದನಿಯಲ್ಲಿ ಈಗ ನಗು ಇರಲಿಲ್ಲ, “ಇಳಸು ಆಕಿನ್ನ.”

ವೆಂಕೋಬ ಅಲುಗಲಿಲ್ಲ. ನೀರು ತೊಗಲಿಗೆ ತಟ್ಟುತ್ತಿತ್ತು.

“ನಾ ಇಳಿಯಂಗಿಲ್ರಿ, ಸಾವ್ಕಾರ್ರ” ಅಂದಳು ಗಾಳೆಮ್ಮ. “ನನ್ನ ಮಗ್ಗಲಕ್ಕ ಕುಂತು ಆ ದಂಡಿ ಮುಟ್ಟಾಕ ಯಾರಿಗೆ ಆಗಂಗಿಲ್ಲೋ ಅವ್ರು ಇಳೀಲಿ. ಗುಂಡು ಛಲೋ ಐತಿ, ಜಾರಂಗಿಲ್ಲ. ನಾ ಮೊದಲ ಕುಂತು ನೋಡೀನಿ.”